ಭಂಡಾರ ಬಿದ್ದ ಪೆಟ್ಟಿಗೆ

ಪರಸಪ್ಪ ತನ್ನ ಜನ್ಮದಲ್ಲಿ ಸಂತೆಯಿಂದ ಕಂಬಳಿ ಕೊಂಡವನಲ್ಲ. ತನ್ನ ಕುರಿ, ತನ್ನ ಕತ್ತರಿ, ಹೆಂಡತಿ ಕಸ್ತೂರೆವ್ವ ನೂತ ನೂಲು, ಅದೇ ಓಣಿಯ ಮಗ್ಗ. ಹೀಗೆ ಕಣ್ಣೆದುರಿಗೆ ಹುಟ್ಟಿದ ಕಂಬಳಿಯನ್ನಷ್ಟೇ ಹೆಗಲಿಗೆ ಹಾಕಿದವನು. ಕೊಂಡ ಕಂಬಳಿ ಹೊದ್ದವರನ್ನು ಕಂಡರೆ, "ಯಾರ ಕುರಿದೊ, ಯಾವಾಗ ಸತ್ತ ಕುರಿದೊ" ಎಂದು ಮೂಗು ಮುರಿಯುತ್ತಿದ್ದ. ಇಂಥ ಮನುಷ್ಯ, ಮಗನಿಗೆ ಕಂಪ್ಯೂಟರ್ ತರುವ ಮಾತು ಬಂದಾಗ ಮಾತ್ರ ತಯಾರಾದದ್ದೇ ಬೇಕೆಂದು ಹಟ ಹಿಡಿದು ಕೂತ. ಊರಿಗೊಂದು ನ್ಯಾಯ, ತನಗೊಂದು ನ್ಯಾಯ. ಆದರೆ ಅವನ ಹಟದ ಹಿಂದೆ ಇದ್ದದ್ದು ಜಂಬವಲ್ಲ, ಹೆದರಿಕೆ.

ಮಗನ ಹೆಸರು ಮಾಳಿಂಗರಾಯ, ಮನೆಮಂದಿಗೆ ಮಾಳು. ಎಂಟು ವರ್ಷದವನಿದ್ದಾಗ ಅಪ್ಪನ ಸಂಗಡ ಕುರಿಗಳ ಬೆನ್ನು ಹತ್ತಿ ಮುದ್ದೇಬಿಹಾಳದಿಂದ ತಂಗಡಗಿಯ ಹೊಳೆದಂಡೆಯವರೆಗೆ ನಡೆದಿದ್ದ. ಮರುವರ್ಷ ಅದೇ ದಾರಿಯಲ್ಲಿ, ಕಲ್ಲಿಲ್ಲದ ಕಡೆ, ಕುಣಿಯಿಲ್ಲದ ಕಡೆ, ಸುಮ್ಮನೆ ಮೊಣಕಾಲು ಮಡಿಚಿ ಬೀಳತೊಡಗಿದ. ಮಿರಜಿನ ಡಾಕ್ಟರು ತಪಾಸಣೆ ಮಾಡಿ, ಇದು ಮೈಯ ಸ್ನಾಯುಗಳು ಒಂದೊಂದಾಗಿ ಸೋಲುವ ರೋಗ ಎಂದರು. ಮೊದಲು ಕಾಲು, ಆಮೇಲೆ ತೋಳು, ಆಮೇಲೆ ಬೆರಳು. ಔಷಧವಿಲ್ಲ. ಬೆರಳಿನ ಆಚೆಗೆ ಏನೆಂದು ಪರಸಪ್ಪ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ. ಈಗ ಮಾಳುವಿಗೆ ಹತ್ತೊಂಬತ್ತು. ಕಾಲು ಹೋಗಿ ಬಹಳ ವರ್ಷವಾಗಿತ್ತು, ತೋಳು ಎತ್ತಲು ಬರುತ್ತಿರಲಿಲ್ಲ. ಮುಂಗೈ ಮತ್ತು ಬೆರಳು ಮಾತ್ರ ಇನ್ನೂ ಅವನ ಮಾತು ಕೇಳುತ್ತಿದ್ದವು.

ಆ ಬೆರಳುಗಳಿಗೆ ಕೆಲಸ ಕೊಟ್ಟವನು ಜೈನುದ್ದೀನ. ಮುದ್ದೇಬಿಹಾಳದ ಬಸ್ ನಿಲ್ದಾಣದ ಹತ್ತಿರ ಅವನದೊಂದು ಕಂಪ್ಯೂಟರ್ ಅಂಗಡಿ. ಕೆಟ್ಟದ್ದನ್ನು ರಿಪೇರಿ ಮಾಡುವುದು, ಹೊಸದನ್ನು ಜೋಡಿಸಿ ಕೊಡುವುದು ಅವನ ಕಸುಬು. ರವಿವಾರಕ್ಕೊಮ್ಮೆ ಪರಸಪ್ಪ ಮಗನನ್ನು ಬೆನ್ನ ಮೇಲೆ ಹೊತ್ತು, ಕಾಲು ಸೋತ ಮರಿಯನ್ನು ಒಯ್ಯುವ ಹಾಗೆ ಒಯ್ದು ಅಲ್ಲಿ ಕೂರಿಸುತ್ತಿದ್ದ. ಜೈನುದ್ದೀನ ಪೆಟ್ಟಿಗೆ ಬಿಚ್ಚಿದರೆ ಮಾಳು ಪಕ್ಕದಲ್ಲಿ ಕೂತು ನೋಡುವನು. ಯಾವ ಹಲಗೆ ಎಲ್ಲಿ, ಯಾವ ತಂತಿ ಎಲ್ಲಿಗೆ ಎಂಬುದೆಲ್ಲ ಹೀಗೆ ನೋಡಿ ನೋಡಿಯೇ ಅವನಿಗೆ ಬಾಯಿಪಾಠವಾಯಿತು. ಕೆಲಸ ಮುಗಿದ ಮೇಲೆ ಆಟ.

ಆ ಆಟವನ್ನು ಪರಸಪ್ಪ ಮೊದಲ ಸಲ ನೋಡಿದ್ದು ಒಂದು ಶ್ರಾವಣದ ರವಿವಾರ. ಪರದೆಯ ತುಂಬ ಹಸಿರು ಗುಡ್ಡ. ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ಮನುಷ್ಯ ಆ ಗುಡ್ಡದ ಮೇಲೆ ಓಡುತ್ತಿದ್ದ. ಓಡಿಸುತ್ತಿದ್ದವನು ಮಾಳು. ಇಳಿಜಾರು ಬಂದಾಗ ಅವನ ಉಸಿರು ಜೋರಾಗುತ್ತಿತ್ತು, ಹಳ್ಳ ಹಾರುವಾಗ ತುಟಿ ಕಚ್ಚುತ್ತಿದ್ದ. ಹನ್ನೊಂದು ವರ್ಷದ ಹಿಂದೆ ತಂಗಡಗಿಯ ದಾರಿಯಲ್ಲಿ ಕಂಡಿದ್ದ ಮುಖ ಅದೇ. ಪರಸಪ್ಪ ಏನೋ ನೆವ ತೆಗೆದು ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದ. ಹೆಗಲ ಕಂಬಳಿ ಅಂಥ ಹೊತ್ತಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಅವತ್ತೇ ಅವನು ತೀರ್ಮಾನ ಮಾಡಿದ. ಮಗ ದೊಡ್ಡವನಾದ, ಬೆನ್ನ ಮೇಲೆ ಹೊರುವುದು ಇನ್ನೆಷ್ಟು ದಿನ? ಮನೆಯಲ್ಲೇ ಒಂದು ಕಂಪ್ಯೂಟರ್ ಇರಬೇಕು. ಎರಡು ಟಗರು ಮಾರಿದರಾಯಿತು.

"ತಯಾರಿ ತರೂದು ಬ್ಯಾಡಪ್ಪ" ಎಂದ ಮಾಳು. "ಸಾಮಾನ ಬಿಡಿ ಬಿಡಿ ತರೂಣು. ನಾ ಜೋಡಸ್ತೇನಿ."

"ನೀ ಎಂತಾ ಜೋಡಸ್ತೀಯೊ? ಜೈನುದ್ದೀನ ಜೋಡಸಲಿ."

"ಜೈನುದ್ದೀನಣ್ಣ ಬಾಜೂಕ ಇರಲಿ. ಕೈ ನಂದ ಇರಲಿ."

ಪರಸಪ್ಪ, ಹಾಗಾದರೆ ತಯಾರಾದದ್ದೇ ತರೋಣ ಎಂದು ಹಟ ಹಿಡಿದ. ಬಾಗೇವಾಡಿಯಲ್ಲಿ ಡಿ.ಎಡ್. ಓದುತ್ತಿದ್ದ ಮಗಳು ಸುರೇಖಾ ರಜೆಗೆ ಬಂದವಳು ತಮ್ಮನ ಪರವಾಗಿ ನಿಂತಳು. "ಅಪ್ಪಾ, ನೀ ಎಂದರ ಸಂತ್ಯಾಗ ಕಂಬಳಿ ಕೊಂಡೀಯೇನು? ಅವನೂ ಹಂಗ ಅನ್ನಾಕತ್ತಾನ, ಅಷ್ಟ" ಎಂದಳು. ಕೊನೆಗೆ ಬೇಕಾದ ಸಾಮಾನುಗಳ ಹೆಸರನ್ನೆಲ್ಲ ಮಾಳು ಹೇಳಿ, ಸುರೇಖಾ ಬರೆದು, ಚೀಟಿ ಅಪ್ಪನ ಕಿಸೆ ಸೇರಿತು. ಜೈನುದ್ದೀನ ಜೊತೆಗೆ ಬರಬೇಕಿತ್ತು. ಅವನ ಮನೆಯಲ್ಲಿ ಮದುವೆ ಬಿದ್ದು, ಪರಸಪ್ಪ ಒಬ್ಬನೇ ಬಾಗೇವಾಡಿ ಮಾರ್ಗದ ಬಸ್ಸು ಹತ್ತಿ ವಿಜಾಪುರಕ್ಕೆ ಹೋದ.

ಬಿಡಿ ಸಾಮಾನಿನ ಅಂಗಡಿಯವನು ಒಳ್ಳೆಯ ಮನುಷ್ಯ. ಚೀಟಿ ನೋಡಿ ಒಂದೊಂದನ್ನೇ ಮುಂದಿಟ್ಟ. ಹಸಿರು ಹಲಗೆ, ಸಣ್ಣ ಸಣ್ಣ ಪಟ್ಟಿ, ಪಂಖ. ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ಪ್ರೊಸೆಸರನ್ನು ಡಬ್ಬಿಯಿಂದ ತೆಗೆದು ತೋರಿಸಿದ. ಬಿಸ್ಕೀಟಿಗಿಂತ ಚಿಕ್ಕದು. ಮಗುಚಿದರೆ ಹೊಟ್ಟೆಯ ತುಂಬ ಕೂದಲೆಳೆಯಂಥ ಮುಳ್ಳುಗಳು.

"ಭಾಳ ಹುಷಾರಿಂದ ಕೂಡ್ರಸಬೇಕ್ರಿ ಯಜಮಾನ್ರ" ಎಂದ ಅಂಗಡಿಯವನು. "ಒಂದು ಮುಳ್ಳು ಬಾಗಿ ಮುರೀತಂದ್ರ ಮುಗೀತು, ಕಸಕ್ಕ ಹಾಕೂದ."

ಪರಸಪ್ಪನಿಗೆ ಹಿಂದಿನ ದಿನದ ಚಹಾದ ಲೋಟ ಕಣ್ಣಿಗೆ ಕಟ್ಟಿತು. ಮಾಳುವಿನ ಬೆರಳಿನಿಂದ ಜಾರಿ ತೊಡೆಯ ಮೇಲೆ ಚೆಲ್ಲಿತ್ತು. ಚಹಾ ಆರಿತ್ತು, ಸುಡಲಿಲ್ಲ. ಆದರೆ ಲೋಟ ಜಾರಿದ ಮೇಲೆ ಹುಡುಗ ತನ್ನ ಬೆರಳನ್ನು ನೋಡಿಕೊಂಡ ರೀತಿ ಅಪ್ಪನ ಎದೆಯಲ್ಲಿ ಕೂತಿತ್ತು. ನಾಳೆ ಈ ಮುಳ್ಳಿನ ಬಿಲ್ಲೆಯೂ ಹಾಗೆಯೇ ಜಾರಿದರೆ? ಸಾಮಾನು ಹೋದರೆ ಹೋಗಲಿ, ಇನ್ನೊಂದು ಟಗರಿದೆ. ಆದರೆ ಹುಡುಗ ಮತ್ತೊಮ್ಮೆ ತನ್ನ ಬೆರಳನ್ನು ಹಾಗೆ ನೋಡಿಕೊಳ್ಳುವುದನ್ನು ಅವನು ನೋಡಲಾರ. ಅತ್ತ ದರಿ, ಇತ್ತ ಪುಲಿ. ಅವನು ಚೀಟಿ ಮಡಿಚಿ ಕಿಸೆಗಿಟ್ಟು, ರಸ್ತೆ ದಾಟಿ, ಎದುರಿನ ಗಾಜಿನ ಅಂಗಡಿಗೆ ಹೋದ.

ಗಾಜಿನ ಅಂಗಡಿಯಲ್ಲಿ ತಣ್ಣನೆಯ ಗಾಳಿ, ಟೈ ಕಟ್ಟಿದ ಹುಡುಗ, ಮಿರಿಮಿರಿ ಮಿಂಚುವ ಕರಿ ಪೆಟ್ಟಿಗೆಗಳು. "ಇದರಾಗ ಆಟ ನಡೀತಾವೇನು?" ಎಂದು ಪರಸಪ್ಪ ಕೇಳಿದ. "ಎಲ್ಲಾ ನಡೀತಾವ್ರಿ" ಎಂದ ಹುಡುಗ. ಪೆಟ್ಟಿಗೆಯ ಹಿಂದೆ ಅಂಟಿಸಿದ್ದ ಬೆಳ್ಳಿಬಣ್ಣದ ಚೀಟಿಯನ್ನು ತೋರಿಸಿ, "ಇದು ಸೀಲು. ಮೂರು ವರ್ಷ ಏನಾದ್ರೂ ನಾವ ಜವಾಬ್ದಾರ. ಆದ್ರ ಸೀಲು ಹರದು ಒಳಗ ಕೈ ಹಾಕಿದ್ರ ಗ್ಯಾರಂಟಿ ಇಲ್ಲ" ಎಂದ. ಮೂರು ವರ್ಷದ ಜವಾಬ್ದಾರಿ ಎಂಬ ಮಾತು ಪರಸಪ್ಪನಿಗೆ ಬಹಳ ಹಿಡಿಸಿತು. ತನ್ನ ಮಗನ ವಿಷಯದಲ್ಲಿ ಇಷ್ಟು ಧೈರ್ಯದ ಮಾತನ್ನು ಯಾವ ಡಾಕ್ಟರೂ ಆಡಿರಲಿಲ್ಲ.

ಬಸ್ಸಿನ ಮೇಲೆ ಪೆಟ್ಟಿಗೆ ಹೇರಿಸಿಕೊಂಡು ಮನೆಗೆ ಬಂದ. ಅಂಗಳದಲ್ಲೇ ಸುರೇಖಾ ಡಬ್ಬಿಯ ಮೇಲಿನ ಚಿತ್ರ ನೋಡಿ ನಿಂತುಬಿಟ್ಟಳು.

"ಇದು ತಯಾರಿದ್ದದ್ದಲ್ಲೇನಪ್ಪ? ಮಾಳೂನ ಕೇಳಿದ್ದೇನು?"

ಪರಸಪ್ಪ ನಗೆಯಲ್ಲಿ ತೇಲಿಸಲು ನೋಡಿದ. "ಕುರಿ ಕೇಳಿ ಮಸಾಲಿ ಅರೀತಾರೇನಬೇ?"

ಕುರಿ ಕಾಯುವವರ ಮನೆಯಲ್ಲಿ ದಿನಕ್ಕೆ ಹತ್ತು ಸಲ ಬರುವ ಗಾದೆ ಅದು, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಅವತ್ತು ಬಾಗಿಲ ಒಳಗಡೆ ಗಾಲಿ ಕುರ್ಚಿಯಲ್ಲಿ ಮಾಳು ಕೂತಿದ್ದ, ಮಾತು ಅವನಿಗೆ ಕೇಳಿಸಿತು. ಮಸಾಲೆ ಅರೆದ ಮೇಲೆ ಕುರಿಯ ಗತಿ ಏನೆಂಬುದು ಗಾದೆಯ ಒಳಗೇ ಇದೆ. ಬಾಯಿಂದ ಬಿದ್ದ ಮೇಲೆ ಪರಸಪ್ಪನಿಗೂ ಅದು ಹೊಳೆಯಿತು. ಆಡಿದ ಮಾತು ಒಡೆದ ಮುತ್ತು, ಹೆಕ್ಕಿಕೊಂಡರೆ ಕೂಡುವುದಿಲ್ಲ.

ಮಾಳು ಪೆಟ್ಟಿಗೆಯನ್ನು ನೋಡಿದ. ಅದರ ಬೆನ್ನಿನ ಸೀಲನ್ನೂ ನೋಡಿದ. "ಚಲೋ ಐತೆಪ್ಪ" ಎಂದ. ಅಷ್ಟೇ.

ಆಮೇಲಿನ ದಿನಗಳಲ್ಲಿ ಪರಸಪ್ಪ ಕುರಿ ಮೇಯಿಸಿ ಬಂದು ಬಾಗಿಲಲ್ಲಿ ಇಣುಕಿದಾಗಲೆಲ್ಲ ಮಾಳು ಪರದೆಯ ಮೇಲೆ ಇಸ್ಪೀಟು ಆಡುತ್ತಿದ್ದ. ಕೆಂಪೆಲೆಯ ಮೇಲೆ ಕರಿಯೆಲೆ, ಕರಿಯೆಲೆಯ ಮೇಲೆ ಕೆಂಪೆಲೆ. ಮುಖದಲ್ಲಿ ಏನೂ ಇರುತ್ತಿರಲಿಲ್ಲ.

"ಗುಡ್ಡದ ಆಟ ಆಡೂದಿಲ್ಲೇನೊ?"

"ಬ್ಯಾಸರ ಆಗೇತಪ್ಪ ಅದು."

ನಂಬಿದ ಪರಸಪ್ಪ. ನಂಬುವುದರಲ್ಲಿ ಅವನಿಗೆ ಅನುಕೂಲವಿತ್ತು. ಮುಂದಿನ ರಜೆಗೆ ಬಂದ ಸುರೇಖಾ ಒಂದು ದಿನ ಕೊಟ್ಟಿಗೆಗೆ ಬಂದು, ಮೇವು ಹಾಕುತ್ತಿದ್ದ ಅಪ್ಪನ ಎದುರಿಗೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಆಟ ಈ ಪೆಟ್ಟಿಗೆಯಲ್ಲಿ ಓಡುವುದಿಲ್ಲ. ಹೆಜ್ಜೆಗೊಮ್ಮೆ ನಿಂತು ನಿಂತು, ಕಡೆಗೆ ಪರದೆ ಕಪ್ಪಾಗುತ್ತದೆ. ಅದಕ್ಕೆ ಚಿತ್ರ ಓಡಿಸುವ ಬೇರೆ ಕಾರ್ಡು ಹಾಕಬೇಕು, ಕಾರ್ಡು ಹಾಕಲು ಸೀಲು ಹರಿಯಬೇಕು. ಅಪ್ಪ ಗ್ಯಾರಂಟಿ ಗ್ಯಾರಂಟಿ ಎಂದು ಅಷ್ಟು ಖುಷಿಯಲ್ಲಿದ್ದಾನೆ, ಅವನಿಗೆ ಹೇಳಬೇಡ ಎಂದು ಮಾಳು ಆಣೆ ಹಾಕಿಸಿಕೊಂಡಿದ್ದಾನೆ.

"ಮತ್ತ ನೀ ಹೇಳಿದೆಲ್ಲ?"

"ಆಣಿ ಮುರದು ಹೇಳಾಕತ್ತೇನಿ. ಇನ್ನೊಂದು ಕೇಳು. ನಾನ ಜೋಡಸ್ತೇನಿ ಅಂತ ಅವ ಯಾಕ ಹಟ ಮಾಡಿದ್ದ ಗೊತ್ತೈತೇನು? ನಾ ಕೇಳಿದ್ದೆ. 'ಅಕ್ಕಾ, ನನ್ನ ಮೈ ತಯಾರಾಗೇ ಬಂದೈತಿ. ಒಳಗ ಏನ್ ಕೆಟ್ಟೈತಿ ಗೊತ್ತೈತಿ, ಆದ್ರ ಬಿಚ್ಚಾಕ ಬರೂದಿಲ್ಲ, ಬದಲಿ ಸಾಮಾನ ಸಿಗೂದಿಲ್ಲ. ಬಿಚ್ಚಾಕ ಬರೂವಂತಾದ್ದು ಒಂದರ ನನ್ನ ಕೈಲೆ ಮಾಡಿ ಹೋಗಬೇಕು' ಅಂದ."

ಮಾಡಿ ಹೋಗಬೇಕು. ಪರಸಪ್ಪನ ಕೈಯ ಮೇವು ಕೈಯಲ್ಲೇ ಉಳಿಯಿತು. ಕುರಿಯೊಂದು ಕತ್ತು ಚಾಚಿ ಎಳೆದುಕೊಂಡರೂ ಅವನಿಗೆ ತಿಳಿಯಲಿಲ್ಲ. ಹತ್ತು ವರ್ಷ ಮನೆಯಲ್ಲಿ ಯಾರೂ ಆಡದ ಮಾತನ್ನು ಹುಡುಗ ತಾನಾಗಿಯೇ ತಿಳಿದು, ಲೆಕ್ಕ ಹಾಕಿ, ಅದರೊಳಗೆ ತನಗೊಂದು ಕೆಲಸವನ್ನೂ ಗೊತ್ತುಮಾಡಿಕೊಂಡಿದ್ದ. ಆ ಕೆಲಸವನ್ನು ಕಿತ್ತುಕೊಂಡವನು ತಾನು. ಅವನಿಗೆ ಅಳು ಬಂತು, ಅಳಲಿಲ್ಲ. ಹೋಗಿ ಸೀಲು ಹರಿದುಬಿಡಲೇ ಎನ್ನಿಸಿತು, ಅದಕ್ಕೂ ಧೈರ್ಯವಾಗಲಿಲ್ಲ. ಲೋಟ ಜಾರಿದ್ದು ಕಣ್ಣೆದುರಿಗೆ ಹಾಗೇ ಇತ್ತು.

ಹೀಗೆ ದಿನ ದೂಡುತ್ತಿರುವಾಗ ಮಹಾನವಮಿ ಬಂತು, ಖಂಡೆಪೂಜೆ. ದುಡಿಯುವ ಸಾಮಾನುಗಳಿಗೆಲ್ಲ ಅವತ್ತು ಪೂಜೆ. ಕಸ್ತೂರೆವ್ವ ಉಣ್ಣೆ ಕತ್ತರಿ, ಕೊಡಲಿ, ಕುಡುಗೋಲು, ಹಳೆಯ ಟೀವಿ ಎಲ್ಲಕ್ಕೂ ವಿಭೂತಿ ಎಳೆದು, ಹೂ ಇಟ್ಟು, ಕೊನೆಗೆ ಮಗನ ಕಂಪ್ಯೂಟರಿನ ಮುಂದೆ ಬಂದು ನಿಂತಳು. "ಚಾಲೂ ಮಾಡೊ ತಮ್ಮಾ, ದೀಪ ಹತ್ತಲಿ" ಎಂದಳು. ಅಮ್ಮನ ಮನಸ್ಸಿಗೆ ಯಾಕೆ ನೋವು ಎಂದು ಮಾಳು ಗುಂಡಿ ಒತ್ತಿದ.

ಅವರ ಕುಲದಲ್ಲಿ ಭಂಡಾರವಿಲ್ಲದೆ ಯಾವುದೂ ಇಲ್ಲ. ದೇವರ ಹೆಸರಿನಲ್ಲಿ ಎರಚುವ ಅರಿಸಿನದ ಪುಡಿ ಅದು. ಮಗು ಹುಟ್ಟಿದರೆ ಭಂಡಾರ, ಕುರಿ ಕೊಂಡರೆ ಭಂಡಾರ, ಹೆಣದ ಹಣೆಗೂ ಭಂಡಾರ. ಎರಚುವಾಗ ಕೈ ಬಿಗಿ ಹಿಡಿಯಬಾರದು, ಹಿಡಿದರೆ ದೇವರೂ ಕೊಡುವಾಗ ಕೈ ಬಿಗಿ ಹಿಡಿಯುತ್ತಾನೆ. ಕಸ್ತೂರೆವ್ವನಂತೂ ಮಗನ ಹೆಸರಿನ ದೇವರ ಮುಂದೆ ಎಂದೂ ಜಿಪುಣತನ ಮಾಡಿದವಳಲ್ಲ. ಟಪ್ಪನೆ ಕಾಯಿ ಒಡೆದು, ಅದರ ನೀರನ್ನು ಪೆಟ್ಟಿಗೆಯ ನೆತ್ತಿಗೂ ಬೆನ್ನಿಗೂ ಚಿಮುಕಿಸಿ, "ಚಾಂಗಭಲೋ!" ಎಂದು ಬೊಗಸೆ ತುಂಬ ಭಂಡಾರ ಎರಚಿದಳು. ಮಾಳು "ಯವ್ವಾ, ಹಿಂದ ಬ್ಯಾಡ" ಎನ್ನುವಷ್ಟರಲ್ಲಿ ಆಗಬೇಕಾದದ್ದು ಆಗಿತ್ತು. ಬೆನ್ನಿನ ತೂತುಗಳಿಂದ ನೀರು ಒಳಗಿಳಿಯಿತು, ಪಂಖ ಭಂಡಾರವನ್ನು ಒಳಗೆಳೆದುಕೊಂಡಿತು. ಪಟ್ ಎಂದು ಸದ್ದಾಗಿ, ಸುಟ್ಟ ವಾಸನೆ ಬಂದು, ಪರದೆ ಕಪ್ಪಾಯಿತು.

ಕಸ್ತೂರೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದಳು. "ನನ್ನ ಕೈಗೆ ಹಾವ ಕಡೀಲಿ, ಏನ್ ಮಾಡಿದ್ನೆವ್ವಾ!" ಎಂದು ಅಳತೊಡಗಿದಳು. ನಗು ಕೇಳಿಸಿದ್ದು ಗಾಲಿ ಕುರ್ಚಿಯಿಂದ. ಎಷ್ಟೋ ವಾರದ ಮೇಲೆ ಮಾಳು ನಗುತ್ತಿದ್ದ. ಮೂಗಿನ ತುದಿ, ರೆಪ್ಪೆ, ಕೂದಲು ಎಲ್ಲ ಹಳದಿ.

"ಅಳಬ್ಯಾಡಬೇ ಯವ್ವಾ. ದೇವರಿಗೂ ಈ ಪೆಟಗಿ ಸೇರಲಿಲ್ಲ ನೋಡು."

ಸುರೇಖಾ ಓಡಿಹೋಗಿ ಜೈನುದ್ದೀನನನ್ನು ಕರೆದುಕೊಂಡು ಬಂದಳು. ಅವನ ಮೊಬೈಲಿನಿಂದ ವಿಜಾಪುರದ ಗಾಜಿನ ಅಂಗಡಿಗೆ ಫೋನು ಹೋಯಿತು. ನೀರಿನ ಮಾತು ಎತ್ತದೆ, ಯಂತ್ರ ಸತ್ತಿದೆ ಎಂದಷ್ಟೇ ಹೇಳಿದರು. "ಸೀಲು ಗಟ್ಟಿ ಐತಲ್ರಿ? ಹಂಗಾರ ಮುಟ್ಟಬ್ಯಾಡ್ರಿ. ತಂದು ಕೊಡ್ರಿ, ಕಂಪನಿಗೆ ಕಳಸ್ತೇವಿ. ದೀಪಾವಳಿ ದಾಟಿ ಬರತೈತಿ" ಎಂದಿತು ಆ ಕಡೆಯ ದನಿ.

ಹಾಗಾದರೆ ಗ್ಯಾರಂಟಿ ಇನ್ನೂ ಜೀವಂತ. ಪೆಟ್ಟಿಗೆಯನ್ನು ಹಾಗೇ ಬಸ್ಸಿಗೆ ಹೇರಿದರೆ ಮುಗಿಯಿತು. ಎಲ್ಲರೂ ಪರಸಪ್ಪನ ಮುಖ ನೋಡಿದರು. ಅವನು ಪೂಜೆಗೆ ಇಟ್ಟಿದ್ದ ಉಣ್ಣೆ ಕತ್ತರಿಯನ್ನು ಕೈಗೆತ್ತಿಕೊಂಡು, ಮಗನ ಎದುರಿಗೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ.

"ಏನ್ ಮಾಡೂಣೊ ಮಾಳೂ?"

ಮಾಳು ನಗು ನಿಲ್ಲಿಸಿದ. "ಕೇಳಾಕತ್ತೀಯೊ, ಹೇಳಾಕತ್ತೀಯೊ?"

"ಕೇಳಾಕತ್ತೇನಿ."

"ಬಿಚ್ಚೂಣು" ಎಂದ.

ಪರಸಪ್ಪ ಕತ್ತರಿಯ ತುದಿಯಿಂದ ಬೆಳ್ಳಿಬಣ್ಣದ ಸೀಲನ್ನು ಅಡ್ಡಡ್ಡ ಸೀಳಿದ.

ಮಂಗಳ ಕಾರ್ಯವೆಂದರೆ ಕಂಬಳಿಯ ಮೇಲೆಯೇ. ಪರಸಪ್ಪ ಹೆಗಲಿನದನ್ನು ತೆಗೆದು ನೆಲಕ್ಕೆ ಹಾಸಿ, ಪೆಟ್ಟಿಗೆಯನ್ನು ಅದರ ಮೇಲಿಡಲು ಹೋದ. "ಕಂಬಳಿ ಬ್ಯಾಡಪ್ಪ" ಎಂದ ಮಾಳು. "ಉಣ್ಣಿ ತಿಕ್ಕಿದ್ರ ಚಟಚಟ ಅಂತೈತಲ್ಲ, ಆ ಕಿಡಿ ಸಾಕು ಹಲಗಿ ಸಾಯಾಕ. ಮಣಿ ಮ್ಯಾಲ ಇಡು." ಹುಟ್ಟಿದಾಗ ಹಾಸುವ ಕಂಬಳಿ, ಮದುವೆಗೆ ಹಾಸುವ ಕಂಬಳಿ, ಈ ಕೆಲಸಕ್ಕೆ ಮಾತ್ರ ಆಗದು ಎಂದರೆ ಪರಸಪ್ಪನಿಗೆ ಒಂದಿಷ್ಟು ಕಸಿವಿಸಿ. ಆದರೂ ಮಡಿಚಿ ಗೂಟಕ್ಕೆ ಹಾಕಿ, ಮರದ ಮಣೆ ತಂದಿಟ್ಟ.

ಒಳಗೆ ನೋಡಿದರೆ ಜಾತ್ರೆ ಮುಗಿದ ಗುಡಿಯಂತೆ ಎಲ್ಲ ಹಳದಿ. ಜೈನುದ್ದೀನ ಮೂಸಿ ನೋಡಿ, ಸತ್ತದ್ದು ಕರೆಂಟು ಹಂಚುವ ಡಬ್ಬಿ ಒಂದೇ, ಉಳಿದದ್ದಕ್ಕೆ ಬರೀ ಪುಡಿ ಬಡಿದಿದೆ ಎಂದ. ಹೊಸ ಕಾರ್ಡಿಗೆ ಹೇಗೂ ಇದಕ್ಕಿಂತ ದೊಡ್ಡ ಡಬ್ಬಿಯೇ ಬೇಕಾಗಿತ್ತಂತೆ. ಅದನ್ನು ಕೇಳಿ ಕಸ್ತೂರೆವ್ವನ ಅಳು ಸ್ವಲ್ಪ ಹಿಡಿತಕ್ಕೆ ಬಂತು. ಹಬ್ಬ ಕಳೆದು ಜೈನುದ್ದೀನ ಎರಡನ್ನೂ ವಿಜಾಪುರದಿಂದ ತಂದ. "ಡಬ್ಬಿ ಬದಲಿ ಮಾಡಿ ಕಾರ್ಡ್ ಚುಚ್ಚಿದ್ರ ಮುಗೀತು" ಎಂದ.

"ಇಲ್ಲಣ್ಣ. ಎಲ್ಲಾ ಬಿಚ್ಚಬೇಕು. ಭಂಡಾರ ಒಂದು ಕಣ ಇರಬಾರದು" ಎಂದ ಮಾಳು.

ಬಿಚ್ಚಿದರು. ಮಾಳು ಹೇಳುವುದು, ಪರಸಪ್ಪ ಮಾಡುವುದು. ಕುರಿಯ ಉಣ್ಣೆ ಕತ್ತರಿಸುವಾಗ ಚರ್ಮಕ್ಕೆ ತಾಗದಂತೆ ಕೈ ಹಗುರ ಇಟ್ಟುಕೊಂಡು ಪಳಗಿದವನು, ಆ ಹಗುರ ಇಲ್ಲಿ ಒದಗಿತು. ಸುರೇಖಾ ಬಣ್ಣ ಬಳಿಯುವ ಕುಂಚದಿಂದ ಪುಡಿ ಕೊಡವಿದಳು. ತಿರುಪುಗಳನ್ನೆಲ್ಲ ಕಸ್ತೂರೆವ್ವ ಕುಂಕುಮದ ಭರಣಿಯ ಮುಚ್ಚಳದಲ್ಲಿ ಹಿಡಿದುಕೊಂಡು ಕೂತಳು, ಇನ್ನು ಏನನ್ನೂ ಮುಟ್ಟುವುದಿಲ್ಲ ಎಂದು ತಾನಾಗಿಯೇ ಶಪಥ ಮಾಡಿ. ಹಸಿರು ಹಲಗೆ ಬರಿದಾಗಿ ಮಣೆಯ ಮೇಲೆ ಬಂದಾಗ ಜೈನುದ್ದೀನ ಪ್ರೊಸೆಸರನ್ನು ಒರೆಸಿ ಕೈಗೆತ್ತಿಕೊಂಡ.

"ಅದನ್ನ ನಂಗ ಕೊಡಣ್ಣ" ಎಂದ ಮಾಳು.

ಪರಸಪ್ಪನಿಗೆ ಮುಳ್ಳುಗಳು ಕಂಡವು, ಲೋಟ ಕಂಡಿತು. ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗುವುದು ಎಂಥ ಕಷ್ಟವೆಂದು ಅವನಿಗೇ ಗೊತ್ತು. ಸುರೇಖಾ ಮಣೆಯನ್ನು ಎತ್ತಿ ತಮ್ಮನ ತೊಡೆಯ ಮೇಲಿಟ್ಟು ಹಿಡಿದಳು. ಜೈನುದ್ದೀನ ಬಿಲ್ಲೆಯನ್ನು ಮಾಳುವಿನ ಎರಡು ಬೆರಳುಗಳ ನಡುವೆ ಇಟ್ಟ.

ಬೆರಳು ಹಿಡಿದವು. ಆದರೆ ಕೈ ಏಳಲಿಲ್ಲ. ಹಲಗೆಯಿಂದ ಬರೀ ಗೇಣುದ್ದ ದೂರ. ಮಾಳುವಿನ ಹಣೆಯಲ್ಲಿ ಬೆವರು ಮೂಡಿತು, ಕತ್ತಿನ ನರ ಉಬ್ಬಿತು, ಕೈ ಇದ್ದಲ್ಲೇ ನಡುಗಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಪರಸಪ್ಪ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಅಮುಕಿಕೊಂಡು ನಿಂತಿದ್ದ.

"ಅಪ್ಪಾ."

"ಹ್ಞಾಂ."

"ಬೆರಳು ಮುಟ್ಟಬ್ಯಾಡ. ಮುಂಗೈ ಕೆಳಗ ಕೈ ಕೊಡು. ಎತ್ತಬ್ಯಾಡ, ಹೊತಗೊ ಅಷ್ಟ. ಒಯ್ಯೂದು ನಾ ಒಯ್ತೇನಿ."

ಪರಸಪ್ಪ ಅಂಗೈಯನ್ನು ಮಗನ ಮುಂಗೈಯ ಕೆಳಗೆ ಹಾಸಿದ. ಆಗಷ್ಟೇ ಹುಟ್ಟಿದ ಮರಿಯ ಕಾಲಿನಷ್ಟು ತೆಳ್ಳಗಿತ್ತು ಆ ಕೈ. ಹೊತ್ತ, ಎತ್ತಲಿಲ್ಲ. ಎಷ್ಟೋ ರವಿವಾರ ಮಗನನ್ನು ಇಡಿಯಾಗಿ ಹೊತ್ತವನಿಗೆ ಈ ಇಷ್ಟು ಭಾರವನ್ನು ಸುಮ್ಮನೆ ಹೊರುವುದು ಅದಕ್ಕಿಂತ ಕಷ್ಟವಾಯಿತು. ಮಾಳು ಎಳೆದ ಕಡೆ ಅವನ ಅಂಗೈ ಹೋಯಿತು. ನಿಂತಲ್ಲಿ ನಿಂತಿತು. ಬಿಲ್ಲೆ ಹಲಗೆಯ ಚೌಕದ ಮೇಲೆ ಬಂದು, ಒಮ್ಮೆ ಓರೆಯಾಗಿ, ಬೆರಳು ಅದನ್ನು ನೆಟ್ಟಗೆ ಮಾಡಿ, ಬಿಟ್ಟವು. ಒತ್ತಬೇಕಾಗಲಿಲ್ಲ. ಮುಳ್ಳೆಲ್ಲ ತಮ್ಮ ತಮ್ಮ ತೂತಿಗೆ ಇಳಿದು ಬಿಲ್ಲೆ ಕೂತಿತು.

"ಕೂತ್ತು" ಎಂದ ಜೈನುದ್ದೀನ, ಸಣ್ಣ ದನಿಯಲ್ಲಿ.

ಮಾಳು ತನ್ನ ಬೆರಳನ್ನು ನೋಡಿಕೊಂಡ. ಪರಸಪ್ಪ ಹೆದರಿದ್ದ ನೋಟ ಅದಲ್ಲ. ಹೊಲ ಬಿತ್ತಿ ಬಂದವನು ತನ್ನ ಕೈ ನೋಡಿಕೊಳ್ಳುವ ಹಾಗೆ ನೋಡಿಕೊಂಡ. ಉಳಿದದ್ದೆಲ್ಲ ಕೂಡಿ ಸಂಜೆಯ ಹೊತ್ತಿಗೆ ಪೆಟ್ಟಿಗೆ ಬೀಪ್ ಎಂದಿತು. ಕಸ್ತೂರೆವ್ವ ಅಭ್ಯಾಸಬಲದಿಂದ ಭಂಡಾರದ ಚೀಲಕ್ಕೆ ಕೈ ಹಾಕಿ, ಎಲ್ಲರೂ ಕೂಗಿದ ಮೇಲೆ ಕೈ ತೆಗೆದು, ಬೆರಳಿಗೆ ಹತ್ತಿದ್ದಷ್ಟನ್ನು ಮಗನ ಹಣೆಗೆ ಹಚ್ಚಿದಳು.

ಪರದೆಯ ಮೇಲೆ ಗುಡ್ಡ ಬಂತು, ಮನುಷ್ಯ ಓಡಿದ. ಪರಸಪ್ಪ ಬಹಳ ಹೊತ್ತು ನೋಡಿ, "ಹುಲ್ಲು ಚಲೋ ಐತಿ. ನೀರ ಎಲ್ಲೈತೊ? ನೀರಿಲ್ಲಂದ್ರ ಕುರಿ ನಿಲ್ಲೂದಿಲ್ಲ" ಎಂದ. "ಐತಪ್ಪ, ಆ ಗುಡ್ಡದ ಹಿಂದ ಹೊಳಿ ಐತಿ" ಎಂದು ಮಾಳು ಅತ್ತ ಓಡಿಸಿದ. ಹೊಳೆ ಇತ್ತು.

ಅಂದಿನಿಂದ ಅಮಾವಾಸ್ಯೆಗೊಮ್ಮೆ ಮಾಳು ಅಪ್ಪನ ಕೈಯಿಂದ ಪೆಟ್ಟಿಗೆ ಬಿಚ್ಚಿಸುವನು. ಧೂಳು ಇರಲಿ ಬಿಡಲಿ, ಎಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು. ಮೊದಮೊದಲು ಹೇಳಿಕೊಡುತ್ತಿದ್ದ. ಬರುಬರುತ್ತಾ ಹೇಳುವುದನ್ನು ಬಿಟ್ಟ, ಸುಮ್ಮನೆ ನೋಡುತ್ತಿದ್ದ. ಹುಡುಗನಿಗೆ ಇದೊಂದು ಗೀಳು ಎಂದುಕೊಂಡಿದ್ದ ಪರಸಪ್ಪ. ಒಮ್ಮೆ ಕೇಳಿಯೂ ಬಿಟ್ಟ, "ಎದಕೊ ಇಷ್ಟು ಸರ್ತಿ?"

"ನನ್ನ ಕೈ ಹೋದ ಮ್ಯಾಲೂ ಇದು ನಡೀಬೇಕಲ್ಲಪ್ಪ."

ಕೈ ಹೋದದ್ದು ಅದರ ಮುಂದಿನ ಮಳೆಗಾಲದಲ್ಲಿ. ಒಂದು ಮುಂಜಾನೆ ಮೌಸಿನ ಮೇಲೆ ಇಟ್ಟ ಬೆರಳು ಅಲ್ಲಿಯೇ ಉಳಿಯಿತು. ಮಾಳು ಅಳಲಿಲ್ಲ. ಅವನ ಬದಲಿಗೆ ಮನೆಮಂದಿಯೆಲ್ಲ ಅತ್ತರು. ದನಿಯೂ ಆಗಲೇ ಸಣ್ಣದಾಗಿತ್ತು, ಒಂದು ಮಾತಿಗೆ ಎರಡು ಉಸಿರು ಬೇಕಾಗುತ್ತಿತ್ತು. ಎಷ್ಟೋ ದಿನ ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿಯೇ ಇತ್ತು. ಆಮೇಲೆ ಒಂದು ಮಧ್ಯಾಹ್ನ ಪರಸಪ್ಪ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ ಮನೆಗೆ ಬಂದ. ಕೈ ತೊಳೆದ. ಕಂಬಳಿಯನ್ನು ಗೂಟಕ್ಕೆ ಹಾಕಿದ. ಬಟ್ಟೆ ಸರಿಸಿ, ಗುಂಡಿ ಒತ್ತಿ, ಮಗನ ಗಾಲಿ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಕೂತ. ಗುಡ್ಡ ಬಂತು. ಚೀಲ ಹೊತ್ತ ಮನುಷ್ಯ ಮಾಳು ಬಿಟ್ಟಲ್ಲಿಯೇ ನಿಂತಿದ್ದ.

ಪರಸಪ್ಪ ಒರಟು ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟುಕೊಂಡು ಮಗನ ಕಡೆ ತಿರುಗಿದ.

"ಎತ್ತಾಗ ಹೋಗೂಣೊ ಮಾಳೂ?"

ಮಾಳುವಿನ ಉತ್ತರ ಬರಲು ಬಹಳ ಹೊತ್ತಾಯಿತು. ಅಲ್ಲಿಯತನಕ ಪರಸಪ್ಪ ಒಂದು ಹೆಜ್ಜೆಯನ್ನೂ ಇಡಲಿಲ್ಲ.